ಚೆನ್ನಾಗಿ ತೊಳೆದ ತಪ್ಪಿಗೆ

ಎಲ್ಲದಕ್ಕೂ ಮೂಲ ಒಂದು ಬ್ರಷ್ಷು. ಸೀಸೆ ತೊಳೆಯುವ ಬ್ರಷ್ಷು. ಉದ್ದನೆಯ ತಂತಿ, ತುದಿಗೆ ಸುತ್ತಲೂ ಬಿಳೀ ಕೂದಲು, ಯಾರೂ ಎರಡನೇ ಸಲ ತಿರುಗಿ ನೋಡದಂಥ ಸಾಮಾನು. ಅದಕ್ಕಾಗಿ ಫಳಫಳಣ್ಣ ಆರು ವರ್ಷದಲ್ಲಿ ಹದಿನಾಲ್ಕು ಅರ್ಜಿ ಬರೆದಿದ್ದ. ಹದಿನಾಲ್ಕನೆಯದು ಹೋದ ವಾರ ಮಂಜೂರಾಯಿತು. ಆಗದೇ ಇದ್ದಿದ್ದರೆ ಪಾಪ, ಅವನ ಪಾಡಿಗೆ ಅವನು ಸುಖವಾಗಿರುತ್ತಿದ್ದ.

ಫಳಫಳಣ್ಣ ಎಂಬುದು ತಾಯಿ ತಂದೆ ಇಟ್ಟ ಹೆಸರಲ್ಲ, ಬಿಡಿ. ಆ ಸಂಶೋಧನಾಲಯದಲ್ಲಿ ಇಪ್ಪತ್ತೆರಡು ವರ್ಷದಿಂದ ಗಾಜಿನ ಸಾಮಾನು ತೊಳೆಯುತ್ತಿದ್ದವನಿಗೆ ಅಲ್ಲಿನವರು ಪ್ರೀತಿಯಿಂದ ಕೊಟ್ಟ ಬಿರುದು. ಅವನು ತೊಳೆದಿಟ್ಟ ಫ್ಲಾಸ್ಕಿನಲ್ಲಿ ಮುಖ ನೋಡಿಕೊಂಡು ಮೀಸೆ ಕತ್ತರಿಸಬಹುದಿತ್ತು. ಒಬ್ಬಿಬ್ಬರು ಕತ್ತರಿಸಿಯೂ ಇದ್ದರು. "ಇಲ್ಲಿ ಓದಿದೋರು ನೂರು ಜನ ಇದಾರೆ. ಅವರ ಓದೆಲ್ಲಾ ನಿಂತಿರೋದು ನನ್ನ ತೊಟ್ಟಿ ನೀರಿನ ಮೇಲೆ" ಎಂದು ಅವನು ಎದೆಯುಬ್ಬಿಸಿ ಹೇಳುತ್ತಿದ್ದ. ಸುಳ್ಳೇನಲ್ಲ.

ಅಲ್ಲಿ ನಡೆಯುತ್ತಿದ್ದ ಕೆಲಸ ಇಷ್ಟು. ಕಾಳು ಬಿಡಿಸಿ ಎಸೆದ ಜೋಳದ ದಿಂಡಿನಿಂದ ಒಂದು ಎಣ್ಣೆ ತೆಗೆಯುತ್ತಾರೆ. ಫರ್ಫ್ಯೂರಲ್ ಅಂತ ಹೆಸರು, ಸೀದ ಬಾದಾಮಿಯ ವಾಸನೆ. ಅದಕ್ಕೆ ಹೈಡ್ರೋಜನ್ ಅನಿಲವನ್ನು ಹದವಾಗಿ ಸೇರಿಸಿದರೆ ಇನ್ನೊಂದು ದ್ರವವಾಗುತ್ತದೆ. ಕಬ್ಬಿಣ ಎರಕ ಹೊಯ್ಯುವವರು ಮರಳಿನ ಅಚ್ಚು ಕಟ್ಟುವ ಅಂಟಿಗೆ ಅದೇ ಬೇಕು. ಆದರೆ ಎಣ್ಣೆ, ಹೈಡ್ರೋಜನ್ ಎರಡೂ ತಾವಾಗಿ ಒಂದಾಗುವುದಿಲ್ಲ. ನಡುವೆ ಒಬ್ಬ ದಲ್ಲಾಳಿ ಬೇಕು. ಆ ದಲ್ಲಾಳಿಯೇ ಲೋಹದ ಪುಡಿ. ಅದರ ಕಣ ಎಷ್ಟು ಸಣ್ಣದೆಂದರೆ, ತಲೆಗೂದಲಿನ ದಪ್ಪವನ್ನು ಹತ್ತು ಸಾವಿರ ಪಾಲು ಮಾಡಿದರೆ ಒಂದು ಪಾಲಿನಷ್ಟು.

ಯಾವ ಲೋಹ ಎಂಬಲ್ಲೇ ಜಗಳ. ದೊಡ್ಡ ಕೋಣೆಯ ಎಡಗಡೆಯ ಮೇಜು ಡಾಕ್ಟರಮ್ಮನದು, ಅವರದು ತಾಮ್ರ. ಬಲಗಡೆ ಪಲ್ಲಾಡಿಯಂ ಸಾರ್. ಅವರದು ಚಿನ್ನದಂಗಡಿಯವರೂ ಬೆಲೆ ಕೇಳಿ ಕೆಮ್ಮುವಂಥ ಪಲ್ಲಾಡಿಯಂ. ತಾಮ್ರ ಸಾಧು, ಆದರೆ ಸೋಮಾರಿ. ಪಲ್ಲಾಡಿಯಂ ಬಲು ಚುರುಕು, ಆದರೆ ಒಂದು ಕೆಲಸ ಹೇಳಿದರೆ ನಾಲ್ಕು ಮಾಡಿ ಎಣ್ಣೆಯನ್ನೇ ಕೆಡಿಸುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ ಇಬ್ಬರಿಗೂ ಆರು ವರ್ಷದಿಂದ ಮಾತಿರಲಿಲ್ಲ. ನಡುವೆ ನೆಲದ ಮೇಲೆ ಸೀಮೆಸುಣ್ಣದ ಗೆರೆ ಬೇರೆ. ಇಬ್ಬರಿಗೂ ಸೇರಿದ್ದೆಂದರೆ ಮೂಲೆಯಲ್ಲಿನ ತೊಳೆಯುವ ತೊಟ್ಟಿ ಮತ್ತು ಅದರ ಮುಂದೆ ನಿಂತ ಫಳಫಳಣ್ಣ ಮಾತ್ರ.

ಆದರೆ ಪುಡಿ ಮಾಡುವ ವಿಧಾನ ಬದಲಿಸಿದ ಮೇಲೆ, ಈಗೆರಡು ವರ್ಷದಿಂದ, ಡಾಕ್ಟರಮ್ಮನ ಸೋಮಾರಿ ತಾಮ್ರ ಎಲ್ಲರ ಬಾಯಿಗೂ ಬೀಗ ಜಡಿದಿತ್ತು. ನೂರು ಪಾಲು ಎಣ್ಣೆ ಹಾಕಿದರೆ ತೊಂಬತ್ತಾರು ಪಾಲು ಬೇಕಾದ ದ್ರವವೇ! "ಬರೀ ತಾಮ್ರ. ಮತ್ತೇನೂ ಇಲ್ಲ" ಎಂದು ಅವರು ಹೆಮ್ಮೆಯಿಂದ ಹೇಳುತ್ತಿದ್ದರು. ಇವತ್ತು ನಾಲ್ಕು ಗಂಟೆಗೆ ಎರಕದ ಕಾರ್ಖಾನೆಯ ಯಜಮಾನಿ ಅದನ್ನು ಕಣ್ಣಾರೆ ನೋಡಲು ಬರುವವರಿದ್ದರು. ಅದೇ ಸಭೆಯಲ್ಲಿ ಡೈರೆಕ್ಟರು ತೊಳೆಯುವ ವಿಭಾಗಕ್ಕೆ ಒಬ್ಬ ಮೇಲ್ವಿಚಾರಕನನ್ನು ನೇಮಿಸುವವರಿದ್ದರು. ಕೈಕೆಳಗೆ ಇಬ್ಬರು, ಕೂರಲು ಒಂದು ಕುರ್ಚಿ. ಯಾರಿಗೆ ಎಂದು ಕೇಳುವ ಪ್ರಶ್ನೆಯೇ ಇರಲಿಲ್ಲ.

ಫಳಫಳಣ್ಣನಿಗೆ ಕುರ್ಚಿಗಿಂತ ಹೆಚ್ಚಾಗಿ ಬೇಕಿದ್ದದ್ದು ಒಬ್ಬನ ಬಾಯಿ ಮುಚ್ಚಿಸುವುದು. ಹೆಂಡತಿಯ ತಮ್ಮ. ಏಳು ಕೆಲಸ ಹಿಡಿದು ಏಳನ್ನೂ ಬಿಟ್ಟು ಅಕ್ಕನ ಮನೆಯಲ್ಲಿ ಠಿಕಾಣಿ ಹೂಡಿದ್ದ ಈ ಮಹಾಶಯ ದಿನಾ ಸಂಜೆ ಸೋಫಾದ ಮೇಲೆ ಮಲಗಿಕೊಂಡೇ ಕೇಳುತ್ತಿದ್ದ: "ಏನ್ ಭಾವ, ಇವತ್ತು ಎಷ್ಟು ಪಾತ್ರೆ ತಿಕ್ಕಿದ್ರಿ?" ಆ ಮಾತಿಗೆ ಹೆಂಡತಿ ನಕ್ಕುಬಿಡುತ್ತಿದ್ದಳು. ಅದು ಇನ್ನೂ ಉರಿ. ಆದ್ದರಿಂದ ಅಕ್ಕ ತಮ್ಮ ಇಬ್ಬರನ್ನೂ ಇವತ್ತಿನ ಸಭೆಗೆ ಕರೆದಿದ್ದ. "ಬಾರಯ್ಯಾ, ಬಂದು ಕಣ್ತುಂಬ ನೋಡು. ನಿಮ್ಮ ಭಾವ ಅಲ್ಲಿ ಏನು ಅಂತ ಗೊತ್ತಾಗಲಿ."

ಬೆಳಗ್ಗೆ ಅವನು ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಂದಾಗ ಡಾಕ್ಟರಮ್ಮ ಸಂಜೆಯ ಪ್ರದರ್ಶನಕ್ಕೆ ಅಭ್ಯಾಸ ನಡೆಸಿದ್ದರು. ನಿನ್ನೆ ಸಂಜೆ ಹೊಸ ಬ್ರಷ್ಷು ಕೈಗೆ ಬಂದೊಡನೆ ಅವನು ತೊಳೆದಿಟ್ಟಿದ್ದ ಫ್ಲಾಸ್ಕಿನಲ್ಲಿ ತಾಮ್ರದ ಉಪ್ಪು ಕರಗಿಸಿ, ಇನ್ನೊಂದು ದ್ರವ ಹೊಯ್ದು, ಕಪ್ಪು ಪುಡಿ ಮಾಡಿಕೊಂಡು, ಎಣ್ಣೆಯ ಜೊತೆ ಉಕ್ಕಿನ ಪಾತ್ರೆಗೆ ಹಾಕಿ ಹೈಡ್ರೋಜನ್ ತುಂಬಿದರು. ಮುಕ್ಕಾಲು ಗಂಟೆಯ ಮೇಲೆ ಒಂದು ಹನಿ ತೆಗೆದು ಅಳೆಯುವ ಯಂತ್ರಕ್ಕೆ ಕೊಟ್ಟರು. ಯಂತ್ರ ಕಾಗದ ಉಗುಳಿತು. ಡಾಕ್ಟರಮ್ಮನ ಮುಖ ಸುಣ್ಣದ ಹಾಗೆ ಬೆಳ್ಳಗಾಯಿತು.

"ಎಷ್ಟು ಬಂತು ಮೇಡಂ?"

"ಒಂಬತ್ತು."

"ತೊಂಬತ್ತಾ?"

"ಒಂಬತ್ತು ಅಣ್ಣಾ. ಒಂದು, ಎರಡು, ಮೂರು ಅಂತ ಎಣಿಸ್ತಾ ಹೋದ್ರೆ ಹತ್ತಕ್ಕಿಂತ ಮುಂಚೆ ಬರತ್ತಲ್ಲ, ಆ ಒಂಬತ್ತು."

ಗೆರೆಯ ಆಚೆಯಿಂದ ಪಲ್ಲಾಡಿಯಂ ಸಾರ್ ಸೀಲಿಂಗ್ ಫ್ಯಾನಿಗೆ ಹೇಳುವಂತೆ ಹೇಳಿದರು: "ಸೋಮಾರಿಗೆ ಕೊನೆಗೂ ತನ್ನ ಸ್ವಭಾವ ನೆನಪಾಯ್ತು ಅಂತ ಕಾಣತ್ತೆ."

ಸುದ್ದಿ ಹಬ್ಬಲು ಎಷ್ಟು ಹೊತ್ತು? ಹತ್ತು ನಿಮಿಷದಲ್ಲಿ ಕೆಲಸವಿಲ್ಲದವರೆಲ್ಲ ಕೋಣೆಯಲ್ಲಿ ನೆರೆದರು. ಅನಿಲದ ಸಿಲಿಂಡರ್ ಹಳೆಯದು ಎಂದರು ಒಬ್ಬರು. ಎಣ್ಣೆಯೇ ಕೆಟ್ಟಿದೆ ಎಂದರು ಇನ್ನೊಬ್ಬರು. ಸ್ಟೋರಿನ ಗುಮಾಸ್ತರು ಸೀಸೆ ಮೂಸಿ ನೋಡಿ, ಮೂಗು ಉರಿದು, ಕಣ್ಣೀರು ಸುರಿಸುತ್ತಾ ಹೊರಗೆ ಹೋದರು. ಎಲ್ಲರ ಅನುಮಾನ ಊರೆಲ್ಲ ಸುತ್ತಿ ಕೊನೆಗೆ ತೊಟ್ಟಿಯ ಹತ್ತಿರ ಬಂದು ನಿಂತಿತು.

"ಅಣ್ಣಾ, ಬೇಜಾರು ಮಾಡ್ಕೋಬೇಡಿ" ಎಂದು ಡಾಕ್ಟರಮ್ಮ ಮೆಲ್ಲಗೆ ಕೇಳಿದರು, "ಫ್ಲಾಸ್ಕು ಸರಿಯಾಗಿ ತೊಳೆದಿದ್ರಾ?"

ಕೆನ್ನೆಗೆ ಹೊಡೆದಿದ್ದರೂ ಅವನು ಸಹಿಸುತ್ತಿದ್ದನೇನೋ. "ಮೇಡಂ! ನನ್ನನ್ನಾ? ಇಪ್ಪತ್ತೆರಡು ವರ್ಷ!" ಎಂದವನೇ ತೋಳು ಮಡಚಿ ತೊಟ್ಟಿಗೆ ನುಗ್ಗಿದ. ಸೋಪಿನಲ್ಲಿ ಮೂರು ಸಲ, ಆಮ್ಲದಲ್ಲಿ ಎರಡು ಸಲ, ಶುದ್ಧ ನೀರಿನಲ್ಲಿ ಐದು ಸಲ. ಹೊಸ ಬ್ರಷ್ಷು ಫ್ಲಾಸ್ಕಿನ ಮೂಲೆಮೂಲೆಗೂ ಹೊಕ್ಕು ಕೂಗಿಕೊಂಡಿತು. ಕೊನೆಗೆ ಫ್ಲಾಸ್ಕು ಮೇಜಿನ ಮೇಲಿದ್ದರೂ ಇಲ್ಲದಂತೆ ಕಾಣುತ್ತಿತ್ತು. "ಈಗ ನೋಡಿ" ಎಂದ.

ಮತ್ತೆ ಪುಡಿ, ಮತ್ತೆ ಎಣ್ಣೆ, ಮತ್ತೆ ಮುಕ್ಕಾಲು ಗಂಟೆ. ಈ ಸಲ ನಾಲ್ಕು.

"ಭಲೇ" ಎಂದರು ಪಲ್ಲಾಡಿಯಂ ಸಾರ್ ಫ್ಯಾನಿಗೆ.

ಡಾಕ್ಟರಮ್ಮ ತಲೆಯ ಮೇಲೆ ಕೈಹೊತ್ತು ಕುಳಿತುಬಿಟ್ಟರು. "ಎರಡು ವರ್ಷ ನಾನು ಊರಿಗೆಲ್ಲ ಸುಳ್ಳು ಹೇಳಿದ ಹಾಗಾಯ್ತಲ್ಲ ಅಣ್ಣಾ" ಎಂದರು. ಒಡಹುಟ್ಟಿದ ತಂಗಿಯಂತಿದ್ದ ಹೆಣ್ಣುಮಗಳು. ಇವನಿಗೆ ಜ್ವರ ಬಂದಾಗ ಮನೆತನಕ ಬಂದು ವಿಚಾರಿಸಿದ್ದವರು. ಮಾಡಲು ಏನೂ ತೋಚದೆ ಫಳಫಳಣ್ಣ ತೊಟ್ಟಿಯಲ್ಲಿ ಬಿದ್ದಿದ್ದ ಪಲ್ಲಾಡಿಯಂ ಸಾರ್ ಅವರ ಫ್ಲಾಸ್ಕನ್ನು ತೊಳೆಯತೊಡಗಿದ.

ಬಿಳೀ ಬ್ರಷ್ಷು ಒಳಗೆ ಹೋಯಿತು. ಹೊರಗೆ ಬಂದದ್ದು ಕಪ್ಪಾಗಿ.

ಅವನು ಅದನ್ನೇ ನೋಡಿದ. ಹಳೆಯ ಬ್ರಷ್ಷು ಯಾವಾಗಲೂ ಕಪ್ಪೇ; ಅದಕ್ಕೇ ಅಲ್ಲವೇ ಹದಿನಾಲ್ಕು ಅರ್ಜಿ? ಆ ಬ್ರಷ್ಷಿನಿಂದ ಮೊದಲು ಪಲ್ಲಾಡಿಯಂ ಸಾರ್ ಅವರ ಫ್ಲಾಸ್ಕು ತಿಕ್ಕುತ್ತಿದ್ದ. ಆಮೇಲೆ ಅದರಲ್ಲೇ ಡಾಕ್ಟರಮ್ಮನದು. ಆರು ವರ್ಷ, ದಿನಾ. ಎದುರಿನ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು: ಪ್ರತಿ ಮೇಜಿಗೂ ಬೇರೆ ಬ್ರಷ್. ಕೆಳಗಿನ ರಿಜಿಸ್ಟರಿನಲ್ಲಿ ದಿನಾ ಅವನದೇ ದುಂಡು ಸಹಿ: 'ಬೇರೆ ಬ್ರಷ್ ಬಳಸಲಾಗಿದೆ'. ಎರಡನೇ ಬ್ರಷ್ಷನ್ನು ಯಾರೂ ಕೊಡಲೇ ಇಲ್ಲ, ನಿಜ. ಬ್ರಷ್ಷನ್ನೇ ತೊಳೆದು ಬಳಸುತ್ತೇನಲ್ಲ, ಬೇರೆಯದೇ ಆದ ಹಾಗಾಯಿತು ಎಂದು ಅವನು ಮನಸ್ಸಿಗೆ ಸಮಾಧಾನ ಹೇಳಿಕೊಂಡಿದ್ದ. ಅಂದರೆ ಆ ತೊಂಬತ್ತಾರು ಬರೀ ತಾಮ್ರದ್ದಲ್ಲ, ಬ್ರಷ್ಷಿನದು.

ಅವನಿಗೆ ತೋಚಿದ್ದು ಒಂದೇ ದಾರಿ: ಆರು ವರ್ಷದ ಕಪ್ಪು ಕುಡಿದ ಹಳೆಯ ಬ್ರಷ್ಷನ್ನೇ ತಂದು, ಯಾರಿಗೂ ತಿಳಿಯದಂತೆ ಒಮ್ಮೆ ಆಡಿಸಿಬಿಡುವುದು. ಅವನು ಸ್ಟೋರಿಗೆ ಓಡಿದ. ಅಲ್ಲಿನ ಕಾನೂನು ಗೊತ್ತಲ್ಲ, ಹಳೆಯದು ಒಪ್ಪಿಸಿದರೆ ಮಾತ್ರ ಹೊಸದು.

"ಸಾರ್, ನನ್ನ ಹಳೇ ಬ್ರಷ್ಷು ಒಂದು ಗಂಟೆ ಕಾಲ ಬೇಕಾಗಿತ್ತು."

ಗುಮಾಸ್ತರು ಕೆಂಪಾದ ಮೂಗೆತ್ತಿ ನೋಡಿದರು. ಫೈಲು ತೆಗೆದರು. "ನಿಮ್ಮ ಹದಿನಾಲ್ಕನೇ ಅರ್ಜಿ ಓದ್ಲಾ? 'ಸದರಿ ಬ್ರಷ್ಷು ಮನುಷ್ಯಮಾತ್ರದವರು ಮುಟ್ಟುವ ಸ್ಥಿತಿಯಲ್ಲಿ ಇರುವುದಿಲ್ಲ.' ಈಗ ಅದೇ ಬೇಕಾ ನಿಮಗೆ?"

"ಮುಟ್ಟೋಕಲ್ಲ ಸಾರ್... ನೆನಪಿಗೆ."

"ನೆನಪಿಗೆ ಅಂತ ಫಾರಂನಲ್ಲಿ ಕಾಲಂ ಇಲ್ಲ ರೀ. ಇದ್ರೂ ಪ್ರಯೋಜನ ಇಲ್ಲ. ನಿನ್ನೆ ಗುಜರಿಯವನು ಬಂದು ಎತ್ಕೊಂಡು ಹೋದ."

ಅವನು ಜೋಲು ಮುಖ ಹೊತ್ತು ವಾಪಸಾದಾಗ ಬಾಗಿಲಲ್ಲೇ ಹೆಂಡತಿ ನಿಂತಿದ್ದಳು, ಮದುವೆಮನೆಗೆ ಹೊರಟವಳಂತೆ ಸಿಂಗರಿಸಿಕೊಂಡು. ಪಕ್ಕದಲ್ಲಿ ತಮ್ಮ. ಸಭೆ ನಾಲ್ಕಕ್ಕೆ ಎಂದರೆ ಒಂದೂವರೆಗೇ ಬಂದಿದ್ದರು.

"ಎಲ್ಲಿ ಭಾವ, ನಿಮ್ಮ ಸಿಂಹಾಸನ?"

ಉತ್ತರ ಕೊಡುವಷ್ಟರಲ್ಲಿ ಒಳಗೆ ಗದ್ದಲ. ಡೈರೆಕ್ಟರು ಬಂದಿದ್ದರು. ಪಲ್ಲಾಡಿಯಂ ಸಾರ್ ಈಗ ಫ್ಯಾನು ಬಿಟ್ಟು ನೇರವಾಗಿ ಅವರಿಗೇ ಹೇಳುತ್ತಿದ್ದರು: "ನಾನು ಮೊದ್ಲಿಂದ್ಲೂ ಹೇಳ್ತಾ ಬಂದೆ ಸಾರ್. ಬರೀ ತಾಮ್ರಕ್ಕೆ ಅಷ್ಟು ಶಕ್ತಿ ಇಲ್ಲ. ಎರಡು ವರ್ಷದ ಅಂಕಿ ಎಲ್ಲಾ ಕಟ್ಟಿ ಬರೆದ ಸುಳ್ಳು ಅಂಕಿ."

ಡೈರೆಕ್ಟರು ಕನ್ನಡಕ ತೆಗೆದರು. ಅವರು ಕನ್ನಡಕ ತೆಗೆದರೆ ಯಾರಿಗೋ ಗಂಡಾಂತರ ಎಂದೇ ಅರ್ಥ. "ಯಜಮಾನಿಯವರಿಗೆ ಬರಬೇಡಿ ಅಂತ ಫೋನ್ ಮಾಡ್ತೀನಿ. ನೀವು ನಾಳೆ ಲಿಖಿತ ವಿವರಣೆ ಕೊಡಿ ಡಾಕ್ಟರಮ್ಮ. ತೃಪ್ತಿಕರವಾಗಿ ಇಲ್ಲದಿದ್ರೆ ಈ ಮೇಜು ಖಾಲಿ ಮಾಡಬೇಕಾಗತ್ತೆ."

ಡಾಕ್ಟರಮ್ಮ ತಲೆ ತಗ್ಗಿಸಿದರು. ಒಂದು ಹನಿ ಮೇಜಿನ ಮೇಲೆ ಬಿತ್ತು.

ಅತ್ತ ದರಿ, ಇತ್ತ ಪುಲಿ. ಬಾಯಿ ಮುಚ್ಚಿಕೊಂಡಿದ್ದರೆ ಫಳಫಳಣ್ಣನಿಗೆ ಕುರ್ಚಿ ಇವತ್ತಲ್ಲದಿದ್ದರೆ ನಾಳೆ ಸಿಗುತ್ತದೆ, ಡಾಕ್ಟರಮ್ಮ ಸುಳ್ಳುಗಾರ್ತಿಯಾಗುತ್ತಾರೆ. ಬಾಯಿಬಿಟ್ಟರೆ ಅವರು ಉಳಿಯುತ್ತಾರೆ. ಇವನ ಇಪ್ಪತ್ತೆರಡು ವರ್ಷದ ಮರ್ಯಾದೆ, ಹೆಂಡತಿ ಮತ್ತು ಅವಳ ತಮ್ಮನ ಎದುರಿಗೇ, ಮೂರು ಕಾಸಿಗೆ ಹರಾಜು. ಅವನು ಒಮ್ಮೆ ಹೆಂಡತಿಯ ಮುಖ ನೋಡಿದ. ಒಮ್ಮೆ ಆ ಹನಿ ನೋಡಿದ.

"ಸಾರ್, ಸುಳ್ಳು ಹೇಳಿದ್ದು ಮೇಡಂ ಅಲ್ಲ" ಎಂದ. "ನಾನು."

ಎಲ್ಲ ಹೇಳಿಬಿಟ್ಟ. ಒಂದೇ ಬ್ರಷ್ಷು, ಕಪ್ಪು ಕೂದಲು, ಸುಳ್ಳು ಸಹಿ. "ಈ ಸಾರಿಂದು ಮೇಡಂದಕ್ಕೆ ಹೋಗ್ತಾ ಇತ್ತು ಸಾರ್. ನಾನು ತೊಳೆದದ್ದು ತೊಳೆದ ಹಾಗೆ ಇರಲಿಲ್ಲ" ಎಂದ. ಹಿಂದಿನಿಂದ ಭಾವಮೈದ ಕಿಸಕ್ಕೆಂದ.

ಡಾಕ್ಟರಮ್ಮ ನಿಧಾನವಾಗಿ ತಲೆಯೆತ್ತಿದರು. ಆರು ವರ್ಷದಲ್ಲಿ ಮೊದಲ ಸಲ ಗೆರೆಯ ಆಚೆ ನೇರವಾಗಿ ನೋಡಿದರು.

"ತಾಮ್ರದ ಕಣದ ಮೈಮೇಲೆ ಅಲ್ಲೊಂದು ಇಲ್ಲೊಂದು ಪಲ್ಲಾಡಿಯಂ ಪರಮಾಣು..."

"ಹೈಡ್ರೋಜನ್ನ ನಮ್ಮದು ಒಡೆದು ಕೊಡತ್ತೆ" ಎಂದರು ಪಲ್ಲಾಡಿಯಂ ಸಾರ್, ಕಣ್ಣರಳಿಸಿ. "ಎಣ್ಣೆ ಕೆಡದ ಹಾಗೆ ನಿಮ್ಮದು ಹದ ಕಾಯತ್ತೆ."

"ಮಿಶ್ರಲೋಹ!" ಎಂದು ಇಬ್ಬರೂ ಒಟ್ಟಿಗೆ ಕೂಗಿದರು. ಸಾರ್ ಗೆರೆ ದಾಟಿಯೇ ಬಿಟ್ಟರು. ಸೀಮೆಸುಣ್ಣ ಅವರ ಬೂಟಿಗೆ ಮೆತ್ತಿಕೊಂಡಿತು. ಇಬ್ಬರೂ ಸೇರಿ ಕಾಗದದ ಮೇಲೆ ಗೀಚಿದ್ದೇ ಗೀಚಿದ್ದು. ಚಿನ್ನದ ಬೆಲೆಯ ಲೋಹ ಇಷ್ಟೇ ಇಷ್ಟು, ಉಳಿದದ್ದೆಲ್ಲ ಅಗ್ಗದ ತಾಮ್ರ. ಇಂಥದ್ದೊಂದು ಪುಡಿಗಾಗಿ ಕಾರ್ಖಾನೆಯವರು ಕಾಲಿಗೆ ಬೀಳುತ್ತಾರೆ ಎಂದರು.

ಡೈರೆಕ್ಟರು ಫೋನು ಜೇಬಿಗಿಟ್ಟು ಕನ್ನಡಕ ಮತ್ತೆ ಹಾಕಿಕೊಂಡರು. "ಹಾಗಾದ್ರೆ ಒಂದು ಚಿಟಿಕೆ ಪಲ್ಲಾಡಿಯಂ ತೂಗಿ ಹಾಕಿ, ಮುಗೀತಲ್ಲ."

"ಚಿಟಿಕೆ ಅಂದ್ರೆ ಬೆಟ್ಟ ಆಯ್ತು ಸಾರ್! ಅಷ್ಟು ಕಮ್ಮಿ ತೂಗೋ ತಕ್ಕಡಿ ನಮ್ಮಲ್ಲಿಲ್ಲ. ಲೆಕ್ಕ ಹಿಡಿಯೋಕೆ ತಿಂಗಳುಗಟ್ಟಲೆ ಬೇಕು. ಇವತ್ತಿಗೆ ಅಣ್ಣನ ಕೈಯೇ ಗತಿ" ಎಂದರು ಡಾಕ್ಟರಮ್ಮ.

ಎಲ್ಲರ ಕಣ್ಣೂ ಫಳಫಳಣ್ಣನ ಕಡೆ ತಿರುಗಿತು. ಭಾವಮೈದನ ಬಾಯಿ ತೆರೆದೇ ಇತ್ತು. "ಭಾವ, ಹಾಗಾದ್ರೆ ಇದನ್ನ ಕಂಡುಹಿಡಿದದ್ದು ನೀವಾ?"

ಮನುಷ್ಯ ನೋಡಿ! ಎರಡು ನಿಮಿಷದ ಹಿಂದೆ ಭೂಮಿ ಬಾಯಿ ಬಿಡಲಿ ಎಂದಿದ್ದವನು ಈಗ ಅಂಗಿಯ ಕಾಲರು ಸರಿಮಾಡಿಕೊಂಡ. "ಮತ್ತೆ? ಇಪ್ಪತ್ತೆರಡು ವರ್ಷ ಸುಮ್ನೆ ನೀರಾಟ ಆಡ್ತಿದ್ದೆ ಅಂದ್ಕೊಂಡ್ಯಾ?" ಎಂದ. ಹೆಂಡತಿ ಅವನನ್ನು ನೋಡಿದ ನೋಟಕ್ಕೆ ಎದೆ ಇನ್ನೆರಡು ಅಂಗುಲ ಉಬ್ಬಿತು.

"ಮೊದಲು ಸಾರ್ ಫ್ಲಾಸ್ಕು, ಆಮೇಲೆ ಅದೇ ಬ್ರಷ್ಷಿನಲ್ಲಿ ನಂದು" ಎಂದರು ಡಾಕ್ಟರಮ್ಮ. "ಸ್ವಲ್ಪ ಕೊಳಕಾಗಿ ಅಣ್ಣಾ. ಹೆಚ್ಚು ಬೇಡ."

ಅವನು ಬ್ರಷ್ಷನ್ನು ಒಂದರಲ್ಲಿ ಆಡಿಸಿದ. ಕಪ್ಪಾಯಿತು. ಇನ್ನೊಂದರ ಕಡೆ ಒಯ್ದ. ಆದರೆ ಎಲ್ಲರೂ ನೋಡುತ್ತಿದ್ದಾರೆ. ಹೆಂಡತಿ, ಅವಳ ತಮ್ಮ, ಡೈರೆಕ್ಟರು. ಕಪ್ಪು ಬ್ರಷ್ಷು ಹಿಡಿದು ನಿಂತಿದ್ದು ಬೆತ್ತಲೆ ನಿಂತಂತೆನಿಸಿತು. ಕೈ ತಾನಾಗಿ ನಲ್ಲಿಯ ಕೆಳಗೆ ಹೋಯಿತು.

"ಅಯ್ಯಯ್ಯೋ, ತೊಳೀಬೇಡಿ!"

"ತೊಳೀಲಿಲ್ಲ ಮೇಡಂ, ಒದ್ದೆ ಮಾಡಿದೆ ಅಷ್ಟೆ." ಒದ್ದೆ ಮಾಡಿದ, ಜಾಡಿಸಿದ, ಮತ್ತೆ ಒದ್ದೆ ಮಾಡಿದ. ಆಮೇಲೆ ಫ್ಲಾಸ್ಕಿಗೆ ಹಾಕಿ ಒಂದು ಸುತ್ತು ಎಂದುಕೊಂಡದ್ದು ಹನ್ನೆರಡು ಸುತ್ತಾಯಿತು. ಬೆಳಕಿಗೆ ಹಿಡಿದು ನೋಡಿ, ಎಲ್ಲೋ ಒಂದು ಚುಕ್ಕೆ ಕಂಡು, ತಡೆಯಲಾರದೆ ಅದನ್ನೂ ಒರೆಸಿಬಿಟ್ಟ.

ಯಂತ್ರ ಹೇಳಿತು: ಐದು.

"ಇನ್ನೂ ಕೆಟ್ಟದಾಗಿ ತೊಳೀರಿ ರೀ!" ಎಂದು ಡೈರೆಕ್ಟರು ಕಿರುಚಿದರು. ಆ ಕಟ್ಟಡದಲ್ಲಿ ಅಂಥ ಆಜ್ಞೆ ಹೊರಟದ್ದು ಅದೇ ಮೊದಲು. ಆಗಲೇ ಹೊರಗೆ ಕಾರಿನ ಸದ್ದು. ಯಜಮಾನಿ ಬಂದೇ ಬಿಟ್ಟಿದ್ದರು. ಉಳಿದಿರುವುದು ಒಂದೇ ಸಲದ ಸಮಯ. ಫಳಫಳಣ್ಣ ಕಣ್ಣು ಮುಚ್ಚಿಕೊಂಡು ಬ್ರಷ್ಷು ಹಿಡಿದ. ಕೈ ಮತ್ತೆ ನಲ್ಲಿಯ ಕಡೆ ಹೊರಟಿತು.

"ಈ ಕಡೆ ಕೊಡಿ ಭಾವ. ಇದೇನು ಬ್ರಹ್ಮವಿದ್ಯೆನಾ?"

ಭಾವಮೈದ ಬ್ರಷ್ಷು ಕಿತ್ತುಕೊಂಡ. ಸಾರ್ ಅವರ ಫ್ಲಾಸ್ಕಿನಲ್ಲಿ ಒಂದು ತಿರುವು, ಡಾಕ್ಟರಮ್ಮನದರಲ್ಲಿ ಒಂದು ತಿರುವು, ಮೇಲೊಂದು ಲೋಟ ನೀರು. ಒಟ್ಟು ಏಳು ಸೆಕೆಂಡು. ನಡುವೆ ಆಕಳಿಸಿದ.

"ಅಯ್ಯೋ ಪಾಪಿ! ಹಾಗಲ್ಲ ಕಣೋ ತೊಳೆಯೋದು!" ಎಂದು ಫಳಫಳಣ್ಣ ಕೂಗಿಕೊಂಡ. ಅದು ನಿಜಕ್ಕೂ ಹೃದಯದಿಂದ ಬಂದ ಕೂಗು.

ಯಜಮಾನಿಯವರ ಎದುರಿಗೇ ಪುಡಿಯಾಯಿತು, ಅನಿಲ ತುಂಬಿತು, ಮುಕ್ಕಾಲು ಗಂಟೆ ಕಳೆಯಿತು. ಯಂತ್ರ ಕಾಗದ ಉಗುಳಿತು. ತೊಂಬತ್ತೇಳು! ಡಾಕ್ಟರಮ್ಮ ಅಳುತ್ತಾ ನಕ್ಕರು. ಪಲ್ಲಾಡಿಯಂ ಸಾರ್ ಸಿಕ್ಕವರ ಕೈ ಕುಲುಕಿದರು; ಒಮ್ಮೆ ಗೊ‍ತ್ತಾಗದೆ ತಮ್ಮದೇ ಕೈ ಕುಲುಕಿಕೊಂಡರು. ಯಜಮಾನಿ ಅಲ್ಲೇ ಒಪ್ಪಂದಕ್ಕೆ ತಲೆಯಾಡಿಸಿ ಕೇಳಿದರು: "ಇಷ್ಟು ಹದವಾಗಿ ತೊಳೆದೋರು ಯಾರು?"

ಡೈರೆಕ್ಟರು ಜೇಬಿನಿಂದ ನೇಮಕದ ಕಾಗದ ತೆಗೆದರು. ಹೆಸರಿನ ಜಾಗವನ್ನು ಖಾಲಿ ಬಿಟ್ಟು ಸಭೆಯಲ್ಲೇ ಕೈಯಾರೆ ತುಂಬುವುದು ಅವರ ಪದ್ಧತಿ. ಪೆನ್ನಿನ ಮುಚ್ಚಳ ತೆಗೆದು, ಭಾವಮೈದನ ಕಡೆ ತಿರುಗಿ, "ನಿಮ್ಮ ಪೂರ್ತಿ ಹೆಸರು ಹೇಳಿ" ಎಂದರು.

ಚಪ್ಪಾಳೆ ನಿಲ್ಲುವ ಲಕ್ಷಣವೇ ಇರಲಿಲ್ಲ. ಡಾಕ್ಟರಮ್ಮ ಮಾತ್ರ ಮೂಲೆಗೆ ಬಂದು, 'ಐದು' ಎಂದಿದ್ದ ಕಾಗದವನ್ನು ಫಳಫಳಣ್ಣನ ಕೈಯಲ್ಲಿಟ್ಟರು. "ಅಣ್ಣಾ, ಹೊಸ ಬ್ರಷ್ಷು ಕೈಗೆ ಬಂದ್ಮೇಲೆ ಪಲ್ಲಾಡಿಯಂನೂ ಬಿಡದೆ ತೊಳೆದು ತೆಗೆದಿದೀರಿ. ಇಷ್ಟು ಶುದ್ಧವಾಗಿ ತೊಳೆಯೋ ಕೈ ಇನ್ನೆಲ್ಲೂ ಇರಲಾರದು. ನಿಜ ಹೇಳ್ತಿದೀನಿ." ಅವನಿಗೆ ಕಣ್ಣು ಮಂಜಾಯಿತು. ಅಷ್ಟರಮಟ್ಟಿಗೆ ಎದೆ ಮತ್ತೆ ಉಬ್ಬಿತು. ಆ ಕಾಗದವನ್ನು ಹೆಂಡತಿಗೆ ತೋರಿಸಬೇಕೆಂದು ತಿರುಗಿದ.

ಹೆಂಡತಿಯೂ ಕಣ್ಣೊರೆಸಿಕೊಳ್ಳುತ್ತಿದ್ದಳು. "ನೋಡಿದ್ರಾ? ನನ್ನ ತಮ್ಮ ಹುಟ್ಟಾ ಕೈಗುಣದವನು ಅಂತ ಎಷ್ಟು ಸಲ ಹೇಳಿದ್ದೆ! ನೀವು ನಂಬಿದ್ರಾ?"

ತಮ್ಮ ಆಗಲೇ ಕುರ್ಚಿಯಲ್ಲಿ ಕುಳಿತು, ಅದು ತಿರುಗುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡುತ್ತಿದ್ದ. ತಿರುಗುತ್ತಿತ್ತು.

"ಭಾವ, ಇನ್ನು ನೀವು ನನ್ನ ಕೈಕೆಳಗೆ ಅಂತ ಬೇಜಾರು ಮಾಡ್ಕೋಬೇಡಿ" ಎಂದ, ಪ್ರೀತಿಯಿಂದಲೇ. "ನಾಳೆ ಎಂಟೂವರೆಗೆಲ್ಲಾ ಬಂದ್ಬಿಡಿ. ಪಾತ್ರೆ ತೊಳೆಯೋದು ಹೇಗೆ ಅಂತ ನಾನೇ ನಿಂತು ಕಲಿಸಿಕೊಡ್ತೀನಿ."